ಆ ಡ್ರಮ್ಮು ಯಾವ ಊರಿಗೆ ಹೋಯಿತು?

ಅಕ್ಕನ ಮಗಳಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಆಪ್ಷನ್ ಎಂಟ್ರಿಗೆ ಎರಡು ದಿನ ಇರುವಾಗ ಪುತ್ತೂರಿನ ಅವರ ಮನೆಯಲ್ಲಿ ನಾವೆಲ್ಲ ಸೇರಿದೆವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕಳೆದ ವರ್ಷದ ಕಟಾಫ್ ಪಟ್ಟಿಯ ಪ್ರಿಂಟು, ಅದರ ಮೇಲೆ ಹಲಸಿನ ಹಪ್ಪಳದ ತಟ್ಟೆ. ಅರ್ಧ ಗಂಟೆಯೊಳಗೆ ಮನೆ ಎರಡು ಪಕ್ಷವಾಯಿತು. ಭಾವನದು ಸಂಬಳದ ಪಕ್ಷ: ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಬ್ರಾಂಚಿನ ಹೆಸರೆತ್ತುವುದೇ ಬೇಡ, ಪ್ಲೇಸ್‌ಮೆಂಟ್ ನೋಡಿ ಕಾಲೇಜು ಆರಿಸಿ. ಅಕ್ಕನದು ಇಷ್ಟದ ಪಕ್ಷ: ಅವಳಿಗೆ ಯಾವುದರಲ್ಲಿ ಆಸಕ್ತಿ ಉಂಟೋ ಅದನ್ನೇ ಓದಲಿ, ಇಲ್ಲದಿದ್ದರೆ ಜೀವನಪೂರ್ತಿ ಕೊರಗುತ್ತಾಳೆ. ನನ್ನನ್ನು ಕರೆಸಿದ್ದು ತೀರ್ಪು ಹೇಳಲಿಕ್ಕೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಾವನ ಮಾತಿಗೆ ಇಂಥ ವಿಷಯದಲ್ಲಿ ತೂಕ ಹೆಚ್ಚು.

ಮೂಲೆಯ ಕುರ್ಚಿಯಲ್ಲಿ ನಮ್ಮ ಸೋದರಮಾವ ಕೂತಿದ್ದರು. ಏಲೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು. ಎರಡೂ ಪಕ್ಷದ ವಾದವನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಹುಡುಗಿಯನ್ನು ಕೇಳಿದರು: “ಅದೆಲ್ಲ ಸರಿ. ನೀನು ಮಾಡುವ ಕೆಲಸ ಕಡೆಗೆ ಯಾರಿಗೆ ಹೋಗಿ ಮುಟ್ತದೆ ಮಗಾ?”

“ಅದನ್ನೆಲ್ಲ ಈಗಲೇ ಹೇಗೆ ಹೇಳುವುದು ಮಾವ” ಎಂದು ಭಾವ ನಕ್ಕರು. ಅಕ್ಕ ಹಪ್ಪಳದ ತಟ್ಟೆ ಮುಂದೆ ಸರಿಸಿದಳು. ಪ್ರಶ್ನೆ ಅಲ್ಲಿಗೇ ಬಿತ್ತು.

ಈ ಬರಹ ಆ ಬಿದ್ದ ಪ್ರಶ್ನೆಯ ಪರವಾಗಿದೆ. ಉದ್ಯೋಗ ಆರಿಸುವಾಗ ನಮ್ಮ ಮನೆಗಳಲ್ಲಿ, ಕಾಲೇಜುಗಳಲ್ಲಿ, ಕೌನ್ಸೆಲಿಂಗ್ ಮೇಳಗಳಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಸಿಗುತ್ತದೆ? ಏನು ಇಷ್ಟ? ಒಂದು ಹಳೆಯ ಕಾಲದ್ದು, ಇನ್ನೊಂದು ಹೊಸ ಕಾಲದ್ದು ಎಂದು ನಾವು ಜಗಳವಾಡುತ್ತೇವೆ. ನನಗೆ ಅವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಎರಡರ ಅರ್ಥವೂ ‘ಈ ಕೆಲಸದಿಂದ ನನಗೇನು ಬರುತ್ತದೆ’ ಎಂದೇ. ಕೆಲಸ ಎನ್ನುವುದು ನನ್ನ ಕೈಯಿಂದ ಹೊರಟು ಇನ್ನೊಬ್ಬರ ಕೈಗೆ, ಹೊಟ್ಟೆಗೆ, ನೀರಿಗೆ ಹೋಗಿ ಮುಟ್ಟುವ ವಸ್ತು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಡುವಯಸ್ಸಿನಲ್ಲಿ ಒಳ್ಳೆಯ ಸಂಬಳವಿದ್ದೂ, ಇಷ್ಟದ ಕೆಲಸವಿದ್ದೂ ನೆಮ್ಮದಿಯಿಲ್ಲ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ನೆಮ್ಮದಿ ಸೋರಿಹೋಗುವ ತೂತು ಈ ಮೂರನೆಯ ಪ್ರಶ್ನೆಯ ಜಾಗದಲ್ಲಿದೆ.

ಇದನ್ನು ನಾನು ಕಲಿತದ್ದು ಏಲೂರಿನಲ್ಲಿ. ಊರನ್ನು ಸ್ವಲ್ಪ ಪರಿಚಯ ಮಾಡಿಸುತ್ತೇನೆ.

ಆಲುವಾ ದಾಟಿದ ಮೇಲೆ ಪೆರಿಯಾರ್ ಹೊಳೆ ಕವಲೊಡೆದು ಸುತ್ತುವರಿದ ನಡುಗಡ್ಡೆ ಏಲೂರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತು ತಿರುವಾಂಕೂರು ಹಸಿದಾಗ, ಹೆಚ್ಚು ಬೆಳೆಯಲು ಗೊಬ್ಬರ ಬೇಕು ಎಂದು 1943ರಲ್ಲಿ ಫ್ಯಾಕ್ಟ್ ಕಂಪನಿ ಹುಟ್ಟಿತು. 1947ರಲ್ಲಿ ಉತ್ಪಾದನೆ ಶುರುವಾಯಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡಿನ ಕಟ್ಟಿಗೆಯಿಂದ ಅನಿಲ ತೆಗೆದು ಅಮೋನಿಯ ಮಾಡಿದ ಕಾರ್ಖಾನೆ ಅದು. ಅದರ ಬೆನ್ನಿಗೆ ಕಾಸ್ಟಿಕ್ ಸೋಡದ ಕಾರ್ಖಾನೆ ಬಂತು, ಕಡಲ ಮರಳಿನ ಮೋನಜೈಟ್ ಸಂಸ್ಕರಿಸುವ ರೇರ್ ಅರ್ತ್ಸ್ ಬಂತು, 1950ರ ದಶಕದಲ್ಲೇ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಬಂತು. ಜಾಗಕ್ಕೆ ಉದ್ಯೋಗಮಂಡಲ ಎಂದೇ ಹೆಸರಿಟ್ಟರು. ಉದ್ಯೋಗಕ್ಕಾಗಿಯೇ ಹೆಸರು ಪಡೆದ ಊರು ಇನ್ನೊಂದಿದ್ದರೆ ಹೇಳಿ.

ಮಾವ ಅಲ್ಲಿಗೆ ಹೋದದ್ದು 1970ರ ದಶಕದಲ್ಲಿ. ಕಾಸರಗೋಡಿನ ಗಡಿಯ ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ, ಮಲಯಾಳವನ್ನು ಬಸ್ಸಿನ ಬೋರ್ಡುಗಳಿಂದ ಕಲಿತವರು. ಮನೆಯಲ್ಲಿ ನಾಲ್ಕು ಜನ ತಂಗಿಯರು, ಬೇಲಿ ಹಾಕಲಿಕ್ಕೂ ದುಡ್ಡಿಲ್ಲದ ಅಡಕೆ ತೋಟ. ಪರ್ಮನೆಂಟ್ ಕೆಲಸ, ಕ್ವಾರ್ಟರ್ಸು, ಕ್ಯಾಂಟೀನು, ಪಿಎಫ್ಫು. ಅವರು ಎರಡು ಸಲ ಯೋಚಿಸಲಿಲ್ಲ. ತಿಂಗಳಿಗೊಂದು ಮನಿಯಾರ್ಡರು ಬರುತ್ತಿತ್ತು. ನನ್ನ ಅಮ್ಮ ಹತ್ತನೆಯ ತರಗತಿ ದಾಟಿದ್ದು ಆ ದುಡ್ಡಿನಲ್ಲಿ. ಸಂಬಳದ ಪಕ್ಷವನ್ನು ಬಯ್ಯುವಾಗ ನಾನು ಇದನ್ನು ಮರೆಯುವುದಿಲ್ಲ. ಹಸಿದ ಮನೆಯ ಮೊದಲ ಸಂಬಳಗಾರನಿಗೆ ತನ್ನ ಕೆಲಸ ಯಾರಿಗೆ ಮುಟ್ಟುತ್ತದೆ ಎಂಬುದಕ್ಕೆ ಉತ್ತರ ಗೊತ್ತೇ ಇರುತ್ತದೆ. ಅದು ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ತಂದು ಕೊಡುವ ಮನೆ. ಆ ತಲೆಮಾರಿನ ಮೇಲೆ ನನ್ನ ತಕರಾರಿಲ್ಲ.

ಮಾವನ ನೆಮ್ಮದಿ ಕದಡಿದ್ದು ಇಪ್ಪತ್ತೈದು ವರ್ಷ ಸರ್ವಿಸು ಆದ ಮೇಲೆ. ಊರಿನಲ್ಲೊಂದು ಮದುವೆಗೆ ಬಂದಿದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದ ಸುತ್ತಮುತ್ತ ಎಲ್ಲರ ಬಾಯಲ್ಲಿ ಒಂದೇ ಮಾತಿದ್ದ ದಿನಗಳು ಅವು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕಕ್ಕೂ ಮಿಕ್ಕಿ, 2000ದವರೆಗೆ. ಗುಡ್ಡದ ನೆತ್ತಿಯಲ್ಲಿ ಗೇರು, ಬುಡದಲ್ಲಿ ಮನೆ, ನಡುವೆ ಸುರಂಗದ ನೀರು. ತಲೆ ನಿಲ್ಲದ ಮಕ್ಕಳು, ಮಾತು ಬಾರದ ಮಕ್ಕಳು ಮನೆಮನೆಯಲ್ಲಿ ಕಾಣತೊಡಗಿದ್ದರು. ಮದುವೆಯ ಚಪ್ಪರದಲ್ಲಿ ಯಾರೋ ಮಾವನನ್ನು ಕೇಳಿದರಂತೆ: “ಅದನ್ನು ಮಾಡುವುದು ನಿಮ್ಮ ಏಲೂರಿನಲ್ಲಂತೆ, ಹೌದಾ?”

ದೇಶದಲ್ಲಿ ಎಂಡೋಸಲ್ಫಾನ್ ತಯಾರಿಸುತ್ತಿದ್ದ ಬೆರಳೆಣಿಕೆಯ ಕಡೆಗಳಲ್ಲಿ ಏಲೂರೂ ಒಂದಾಗಿತ್ತು. ಮಾವ ಕೊಟ್ಟ ಉತ್ತರ, “ನಮ್ಮಲ್ಲಿ ಅಲ್ಲ. ಅದು ಪಕ್ಕದ ಗೇಟು.”

ಮಾತು ಸತ್ಯವೇ. ಅವರ ಕಾರ್ಖಾನೆ ಅದನ್ನು ಮಾಡುತ್ತಿರಲಿಲ್ಲ. ಆದರೂ ಆ ಉತ್ತರ ತನಗೆ ಆಮೇಲೆ ವರ್ಷಗಟ್ಟಲೆ ಕಚ್ಚಿತು ಎಂದು ಅವರು ನನಗೆ ಹೇಳಿದ್ದಾರೆ. ಯಾಕೆಂದರೆ ಪಕ್ಕದ ಗೇಟಿನವನನ್ನು ಕೇಳಿದರೆ ಅವನು ತೋರಿಸುವುದು ಗೋಡೌನಿನ ಕಡೆಗೆ. ಗೋಡೌನಿನವನು ಡೀಲರನ ಕಡೆಗೆ, ಡೀಲರು ತೋಟದ ಆಫೀಸರನ ಕಡೆಗೆ, ಆಫೀಸರು ಪೈಲಟ್ಟಿನ ಕಡೆಗೆ. ಡ್ರಮ್ಮಿನ ಮುಚ್ಚಳ ಬಿಗಿದವನಿಗೆ ಅದು ಯಾವ ಊರಿಗೆ ಹೋಯಿತೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದೇ ಅವನ ಕೆಲಸದ ಶರತ್ತು. ಬೆಳಿಗ್ಗೆ ಸೈರನ್ನಿಗೆ ಒಳಗೆ ಹೋಗಿ ಸಂಜೆ ಸೈರನ್ನಿಗೆ ಹೊರಗೆ ಬರುವ ಮನುಷ್ಯನಿಗೆ ನಡುವಿನ ಎಂಟು ಗಂಟೆ ಏನಾಯಿತು ಎಂದು ಹೇಳಲಿಕ್ಕೆ ಬಾರದಿದ್ದರೆ, ಆ ಎಂಟು ಗಂಟೆ ಅವನ ಆಯುಷ್ಯದಿಂದ ಕಳೆದಂತೆಯೇ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಎಂಡೋಸಲ್ಫಾನ್ ಮಾಡಿದ ಅದೇ ಕಾರ್ಖಾನೆ ಹುಟ್ಟಿದ್ದು ಡಿಡಿಟಿ ಮಾಡಲಿಕ್ಕೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಡಿಡಿಟಿ ಬೇಕಾಗಿತ್ತು. ನಮ್ಮ ಮಲೆನಾಡಿನಲ್ಲಿ ಚಳಿಜ್ವರಕ್ಕೆ ಊರಿಗೆ ಊರೇ ಖಾಲಿಯಾದ ಕತೆಗಳನ್ನು ಹಿರಿಯರಿಂದ ಕೇಳಿದವರಿಗೆ, ಗೋಡೆಗೆ ಡಿಡಿಟಿ ಹೊಡೆದು ತಾರೀಕು ಬರೆದು ಹೋಗುತ್ತಿದ್ದವರ ನೆನಪು ಇರುವವರಿಗೆ, ಅದರ ಬೆಲೆ ಗೊತ್ತು. ಆ ದಿನಗಳಲ್ಲಿ ಡಿಡಿಟಿ ಪ್ಲಾಂಟಿನಲ್ಲಿ ನಿಂತವನಿಗೆ ‘ಈ ಡ್ರಮ್ಮು ಯಾರಿಗೆ’ ಎಂದು ಕೇಳಿದ್ದರೆ ಎದೆಯುಬ್ಬಿಸಿ ಉತ್ತರ ಹೇಳುತ್ತಿದ್ದ. ಮುಂದೆ ಅದೇ ಆವರಣದಿಂದ ಬೇರೊಂದು ವಿಷ ಹೊರಟಿತು. 2004ರ ಜುಲೈನಲ್ಲಿ ಎಂಡೋಸಲ್ಫಾನ್ ಪ್ಲಾಂಟಿಗೆ ಬೆಂಕಿ ಬಿದ್ದು ಸುತ್ತಲಿನ ಜನ ಮನೆ ಬಿಟ್ಟು ಓಡಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಕಾರ್ಖಾನೆಯ ಹೆಸರು, ಸಂಬಳದ ಸ್ಲಿಪ್ಪು, ಟೋಪಿಯ ಬಣ್ಣ ಯಾವುದೂ ಬದಲಾಗದೆ ಕೆಲಸದ ಇನ್ನೊಂದು ತುದಿ ಬದಲಾಗಿಬಿಡಬಹುದು. ಆದ್ದರಿಂದ ಮಾವನ ಪ್ರಶ್ನೆಯನ್ನು ಹದಿನೇಳನೆಯ ವಯಸ್ಸಿನಲ್ಲಿ ಒಮ್ಮೆ ಕೇಳಿ ಮುಗಿಸುವಂತಿಲ್ಲ.

ಇಷ್ಟದ ಪಕ್ಷದವರು ಈಗ ತಲೆಯಾಡಿಸುತ್ತಿರಬಹುದು. ಅವರಿಗೂ ಏಲೂರೇ ಉತ್ತರ ಹೇಳುತ್ತದೆ. 1960ರ ದಶಕದಲ್ಲಿ ಫ್ಯಾಕ್ಟಿನ ಮುಖ್ಯಸ್ಥರಾಗಿದ್ದ ಎಂ.ಕೆ.ಕೆ. ನಾಯರ್ ಐಎಎಸ್ ಅಧಿಕಾರಿ, ಕಥಕಳಿಯ ಹುಚ್ಚಿನವರು. ಗೊಬ್ಬರದ ಕಾರ್ಖಾನೆಯ ಆಸರೆಯಲ್ಲಿ ಕಥಕಳಿ ಶಾಲೆ ನಡೆಸಿದರು, ಕಲಾವಿದರಿಗೆ ಸಂಬಳದ ಕೆಲಸ ಕೊಟ್ಟರು. ಕಥಕಳಿಯ ದೊಡ್ಡ ಹಾಡುಗಾರ ಕಲಾಮಂಡಲಂ ಹೈದರಾಲಿ ಅಲ್ಲಿ ಸಂಗೀತ ಕಲಿಸಿದರು. ಇಂದಿಗೂ ಕೇರಳದ ಕಥಕಳಿ ಕರಪತ್ರಗಳಲ್ಲಿ ಫ್ಯಾಕ್ಟ್ ಪದ್ಮನಾಭನ್, ಫ್ಯಾಕ್ಟ್ ಮೋಹನನ್ ಎಂಬಂಥ ಹೆಸರು ಕಾಣುತ್ತದೆ. ಮನೆತನದ ಹೆಸರಿನ ಜಾಗದಲ್ಲಿ ಗೊಬ್ಬರದ ಕಾರ್ಖಾನೆ! ಇಷ್ಟವಿರುವುದನ್ನು ಮಾಡು, ಉಳಿದದ್ದು ತಾನಾಗಿ ಬರುತ್ತದೆ ಎನ್ನುವ ಭಾಷಣಕಾರರು ಆ ಹೆಸರುಗಳನ್ನು ನೋಡಬೇಕು. ಆ ಕಲಾವಿದರಿಗೆ ಇಷ್ಟದ ಕೊರತೆ ಎಂದೂ ಇರಲಿಲ್ಲ. ಬೇಕಾಗಿದ್ದದ್ದು ತಿಂಗಳ ಅಕ್ಕಿ, ಮತ್ತು ಎದುರು ಕೂತು ನೋಡುವ ಜನ.

ನಮ್ಮ ಕನ್ನಡವೂ ಹೀಗೆ ದುಡಿದವರದ್ದೇ. ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರಾಗಿದ್ದರು. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ರಸಾಯನದ ಉದ್ಯಮದಲ್ಲಿದ್ದರು. ಜಯಂತ ಕಾಯ್ಕಿಣಿ ಔಷಧ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ನಿಸಾರ್ ಅಹಮದ್ ಭೂವಿಜ್ಞಾನ ಕಲಿಸಿದರು. ಇವರ್ಯಾರೂ ಇಷ್ಟವನ್ನು ಉದ್ಯೋಗ ಮಾಡಿಕೊಳ್ಳುವ ತನಕ ಕಾಯಲಿಲ್ಲ. ಇನ್ನು ಇಷ್ಟಕ್ಕೆ ಕಣ್ಣಿಲ್ಲ ಎಂಬುದೂ ನಿಜ. ಎಂಡೋಸಲ್ಫಾನ್ ಅಣುವಿನ ರಚನೆ ಬಿಡಿಸಿದರೆ ರಸಾಯನಶಾಸ್ತ್ರ ಪ್ರೀತಿಸುವ ಹುಡುಗನಿಗೆ ಅದು ಸುಂದರವಾಗಿಯೇ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನನಗೆ ಗಣಿತ ಇಷ್ಟ, ಕೋಡ್ ಬರೆಯುವುದು ಇಷ್ಟ, ಸಂಬಳವೂ ಭರ್ತಿ ಇತ್ತು. ಎರಡೂ ಪಕ್ಷಕ್ಕೆ ಮೆಚ್ಚುಗೆಯಾಗುವ ಕೆಲಸ. ಮೂರು ವರ್ಷ ನಾನು ಬರೆದದ್ದು ಏನು ಗೊತ್ತೇ? ಸಾಲದ ಕಂತು ತಪ್ಪಿಸಿದವರಿಗೆ ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಅವರ ಮನೆಯವರಲ್ಲಿ ಯಾರ ನಂಬರಿಗೆ ಫೋನ್ ಹೋದರೆ ಹಣ ಬೇಗ ಬರುತ್ತದೆ ಎಂದು ಲೆಕ್ಕ ಹಾಕುವ ತಂತ್ರಾಂಶ. ನಮ್ಮ ಪರದೆಯ ಮೇಲೆ ಅವರೆಲ್ಲ ಅಂಕಿಗಳು. ನನ್ನ ಲೆಕ್ಕ ಕರಾರುವಾಕ್ಕಾಗಿತ್ತು, ಬಡ್ತಿ ಸಿಕ್ಕಿತು. ಆದರೆ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಏನೋ ತೊಳಸಿದಂತೆ. ಕೆಲಸದ ಒತ್ತಡ ಎಂದುಕೊಂಡೆ, ಯೋಗ ಮಾಡಿದೆ, ಮೂನ್ನಾರಿಗೆ ಹೋಗಿ ಬಂದೆ. ಒಂದು ದಿನ ನಮ್ಮ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಬರುವ ಅಕ್ಕ ನೆಲ ಒರೆಸುವಾಗ ಫೋನ್ ಬಂತು. ತೆಗೆಯಲಿಲ್ಲ. ಮತ್ತೆ ಬಂತು. ಆಕೆ ಫೋನನ್ನು ಬಕೆಟ್ಟಿನ ಪಕ್ಕ ಮಗುಚಿ ಇಟ್ಟು ನನ್ನ ಮುಖ ನೋಡದೆ ಒರೆಸುತ್ತಲೇ ಇದ್ದಳು. ನಾನು ಗಡಿಯಾರ ನೋಡಿದೆ. ಹತ್ತೂ ಕಾಲು. ಆ ಹೊತ್ತನ್ನು ಆರಿಸಿದ್ದು ನನ್ನಂಥವನ ಲೆಕ್ಕವೇ. ಎಂಟು ತಿಂಗಳಲ್ಲಿ ಆ ಕೆಲಸ ಬಿಟ್ಟೆ. ಈಗಿನ ಕೆಲಸದಲ್ಲಿ ಸಂಬಳ ಕಡಿಮೆ. ಆಸ್ಪತ್ರೆಗಳ ಔಷಧ ದಾಸ್ತಾನಿನ ಲೆಕ್ಕ, ಬೋರು ಹೊಡೆಸುವ ಕೋಡು. ಆದರೆ ಭಾನುವಾರ ಸಂಜೆಗಳು ಮರಳಿ ನನ್ನದಾಗಿವೆ.

ಇದು ನನ್ನೊಬ್ಬನ ಕತೆಯಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಬೆಂಗಳೂರಿನ ಎಷ್ಟೋ ಎಂಜಿನಿಯರುಗಳ ಕೆಲಸ ಹೋಯಿತು. ಅವರ ಕಷ್ಟಕ್ಕೆ ನನ್ನ ಮರುಕವಿದೆ. ಆದರೆ ಅವರು ಕೆಲಸಕ್ಕೆ ಸೇರಿದ ದಿನ ಮನೆಯಲ್ಲಿ ಸಿಹಿ ಹಂಚುವಾಗ, ಆ ಆಟದಲ್ಲಿ ಮನೆ ಅಡವಿಟ್ಟವನ ಹೆಂಡತಿ ಯಾರೆಂದು ಒಬ್ಬರಾದರೂ ಕೇಳಿದ್ದರೆ?

ಈಗ ಕಾಸರಗೋಡಿಗೆ ಮರಳೋಣ. ಎಂಡೋಸಲ್ಫಾನ್ ಕತೆಯಲ್ಲಿ ಮೂರು ಜನರ ಉದ್ಯೋಗ ಗಮನಿಸಿ. ಡಾ. ವೈ.ಎಸ್. ಮೋಹನ ಕುಮಾರ್ ವಾಣಿನಗರದ ಹಳ್ಳಿ ವೈದ್ಯರು. ತನ್ನ ಕ್ಲಿನಿಕ್ಕಿಗೆ ಬರುವ ರೋಗಗಳಲ್ಲಿ ಏನೋ ವಿಪರೀತವಿದೆ ಎಂದು ಮನೆಮನೆಯ ಲೆಕ್ಕ ಇಟ್ಟರು. ಶ್ರೀ ಪಡ್ರೆ ಕೃಷಿ ಪತ್ರಕರ್ತರು. ಅಂಗವಿಕಲ ಕರುಗಳು ಹುಟ್ಟುವುದನ್ನು ಕಂಡು, ಬೇರೆಯವರು ತಲೆಯೆತ್ತಿ ನೋಡುವ ಎಷ್ಟೋ ಮೊದಲೇ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆ. ಅಂದರೆ ಕೀಟನಾಶಕ ಬಳಸಿರೆಂದು ರೈತರಿಗೆ ಹೇಳುವ ವ್ಯವಸ್ಥೆಯ ಒಳಗಿನವರು. ತನ್ನ ಮನೆಯ ಬಳಿಯ ತೋಟದ ವೈಮಾನಿಕ ಸಿಂಪಡಣೆ ನಿಲ್ಲಿಸಿ ಎಂದು 1998ರಲ್ಲಿ ಕೋರ್ಟಿಗೆ ಹೋದರು. ಹಳ್ಳಿ ಡಾಕ್ಟರು, ಕನ್ನಡ ಪತ್ರಕರ್ತ, ಇಲಾಖೆಯ ಕೆಳಹಂತದ ನೌಕರೆ. ಯಾವ ಕೆರಿಯರ್ ಮೇಳದ ಬ್ಯಾನರಿನಲ್ಲೂ ಈ ಮೂರು ಕೆಲಸ ಕಾಣುವುದಿಲ್ಲ. ಮೂವರೂ ತಮ್ಮ ಮಾಮೂಲಿ ಕೆಲಸವನ್ನೇ ಅದರ ಕೊನೆಯವರೆಗೆ ಹಿಂಬಾಲಿಸಿಕೊಂಡು ಹೋದರು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದರ ಹಿಂದೆ ಇಂಥವರ ವರ್ಷಗಟ್ಟಲೆಯ ದುಡಿಮೆ ಇದೆ. ಅವರೆಲ್ಲ ಸುಖವಾಗಿದ್ದರು ಎಂದು ನಾನು ಹೇಳಲಾರೆ. ಕೋರ್ಟು, ಬೆದರಿಕೆ, ಅವಮಾನದ ನಡುವೆ ಸುಖ ಎಲ್ಲಿಯದು? ಆದರೆ ಕನ್ನಡದಲ್ಲಿ ಸುಖಕ್ಕೂ ನೆಮ್ಮದಿಗೂ ಬೇರೆಬೇರೆ ಪದವಿದೆ, ಮತ್ತು ಅದು ಸುಮ್ಮನೆ ಅಲ್ಲ.

‘ಇದೆಲ್ಲ ಹೊಟ್ಟೆ ತುಂಬಿದವರ ಮಾತು’ ಎನ್ನಬಹುದು. ಹೌದು, ಹೊಟ್ಟೆ ತುಂಬಿದವರಿಗೇ ಹೇಳುತ್ತಿದ್ದೇನೆ. ಕೈಯಲ್ಲಿ ನಾಲ್ಕು ಆಯ್ಕೆ ಇಟ್ಟುಕೊಂಡೂ ಹಸಿದವರ ಪ್ರಶ್ನೆಯನ್ನೇ ಕೇಳುತ್ತಿರುವ ನಮ್ಮಂಥ ಮನೆಗಳಿಗೆ. ‘ಒಬ್ಬ ಕೆಲಸ ಬಿಟ್ಟರೆ ಕಾರ್ಖಾನೆ ನಿಲ್ಲುತ್ತದೆಯೇ’ ಎನ್ನಬಹುದು. ನಿಲ್ಲುವುದಿಲ್ಲ. ಏಲೂರಿನಲ್ಲಿ ಹೊಳೆಯ ಪರ ನಿಂತವರಿಗೂ ಕೆಲಸ ಹೋಗುವ ಭಯದ ಕಾರ್ಮಿಕರಿಗೂ ನಡೆದ ಜಗಳ ಹಳೆಯದು, ಮತ್ತು ಆ ಭಯ ಸುಳ್ಳಲ್ಲ. 2024ರ ಮೇ ತಿಂಗಳಲ್ಲಿ ಪೆರಿಯಾರಿನಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದಾಗ ಪಂಜರದಲ್ಲಿ ಮೀನು ಸಾಕಿದವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು. ಇಲಾಖೆಗಳು ಕಾರಣ ಏನೆಂದು ಒಬ್ಬರ ಮೇಲೊಬ್ಬರು ಹೇಳಿಕೊಂಡವು. ಮತ್ತದೇ ಪಕ್ಕದ ಗೇಟು. ವಾಲ್ವ್ ತಿರುಗಿಸುವವನಿಗಿಂತ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕಾದವರು ಪ್ಲಾಂಟಿನ ನಕ್ಷೆ ಬರೆಯುವವರು, ಖರೀದಿಗೆ ಸಹಿ ಹಾಕುವವರು, ಕೋಡ್ ಬರೆಯುವವರು. ಅಂದರೆ ಒಳ್ಳೆಯ ರ‍್ಯಾಂಕಿನ ಮಕ್ಕಳು.

ಇದರಿಂದ ನೆಮ್ಮದಿ ಬರುತ್ತದೆ ಎಂಬುದಕ್ಕೆ ಏನು ಆಧಾರ ಎಂದೂ ಕೇಳಬಹುದು. 2007ರಲ್ಲಿ ಆಡಂ ಗ್ರಾಂಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿವೇತನಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುವ ನೌಕರರು. ಬೇಸರದ ಕೆಲಸ, ದಿನವಿಡೀ ಬೈಗುಳ. ಅವರಲ್ಲಿ ಕೆಲವರಿಗೆ ಆ ವೇತನ ಪಡೆದು ಓದುತ್ತಿದ್ದ ಒಬ್ಬ ವಿದ್ಯಾರ್ಥಿಯ ಜೊತೆ ಸುಮಾರು ಐದು ನಿಮಿಷ ಮಾತಾಡಿಸಿದರು. ತಿಂಗಳ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆದ ಹೊತ್ತು ಎರಡು ಪಟ್ಟಿಗೂ ಹೆಚ್ಚಾಗಿತ್ತು, ತಂದ ದೇಣಿಗೆ ಇನ್ನೂ ಹೆಚ್ಚು. ಸಂಬಳ ಅದೇ, ಕೆಲಸ ಅದೇ. ಒಂದು ಮುಖ ಕಂಡಿತು ಅಷ್ಟೇ. ಅಳೆದದ್ದು ದುಡಿಮೆಯನ್ನು, ಸಂತೋಷವನ್ನಲ್ಲ, ಒಪ್ಪುತ್ತೇನೆ. ಆದರೆ ಬೈಗುಳ ತಿನ್ನುವ ಕೆಲಸಕ್ಕೆ ಮನಸ್ಸಿಲ್ಲದವನು ಎರಡು ಪಟ್ಟು ಹೊತ್ತು ಕೂರುವುದಿಲ್ಲ.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಕಾಯಕದ ಮಾತನ್ನು ನಮ್ಮ ಆಫೀಸುಗಳು ‘ಹೆಚ್ಚು ದುಡಿ’ ಎಂಬ ಪೋಸ್ಟರು ಮಾಡಿಕೊಂಡಿವೆ. ಕಾಯಕದ ಜೊತೆಗೇ ದಾಸೋಹವಿತ್ತು ಎಂಬುದನ್ನು ಕತ್ತರಿಸಿ ಎಸೆದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಹೇಳಿದಳು ಎಂಬ ಕತೆ ನಮಗೆಲ್ಲ ಗೊತ್ತು. ಲಕ್ಕಮ್ಮನ ಮನೆಯಲ್ಲಿ ಪ್ಯಾಕೇಜು ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಇತ್ತು.

ಹಾಗಾದರೆ ಏನು ಮಾಡಬೇಕು? ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಕೂತಾಗ ಮೂರನೆಯ ಪ್ರಶ್ನೆಯನ್ನೂ ಕೇಳಲಿ, ಉತ್ತರ ಬಾರದಿದ್ದರೆ ಒಟ್ಟಿಗೆ ಹುಡುಕಲಿ. ಕಾಲೇಜುಗಳು ಗೇಟಿನ ಫ್ಲೆಕ್ಸಿನಲ್ಲಿ ಪ್ಯಾಕೇಜಿನ ಅಂಕಿ ಹಾಕುವಾಗ ಆ ಕಂಪನಿ ಏನು ಮಾರುತ್ತದೆ, ಯಾರಿಗೆ ಮಾರುತ್ತದೆ ಎಂದು ಒಂದು ಸಾಲು ಬರೆಯಲಿ. ಕೃಷಿ ಓದುವವರು ಒಂದು ವಾರ ಎಣ್ಮಕಜೆಯಲ್ಲಿ, ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಇದ್ದು ಬರಲಿ. ಅಲ್ಲಿಯೂ ಗೇರು ತೋಟ, ಅದೇ ಹೆಲಿಕಾಪ್ಟರು, ಅದೇ ಮಕ್ಕಳು. ಕೆಲಸದಲ್ಲಿರುವ ನಾವು ವರ್ಷಕ್ಕೊಮ್ಮೆಯಾದರೂ ನಮ್ಮ ಕೆಲಸ ಹೋಗಿ ಮುಟ್ಟುವ ಜಾಗಕ್ಕೆ ಹೋಗಿ ನಿಂತು ನೋಡೋಣ. ನೋಡಿದ್ದು ಹಿಡಿಸದೆ ಮೂವತ್ತೈದರಲ್ಲಿ ದಾರಿ ಬದಲಿಸಿದವರನ್ನು ‘ನೆಲೆ ನಿಲ್ಲದವನು’ ಎಂದು ಮದುವೆ ಚಪ್ಪರದಲ್ಲಿ ಆಡಿಕೊಳ್ಳುವುದನ್ನು ಬಿಡೋಣ.

ಮಾವನ ಈಗಿನ ಕೆಲಸ ಹೇಳದೆ ಮುಗಿಸಲಾರೆ. ಊರಿಗೆ ಬಂದ ಮೇಲೆ ಅವರಿಗೊಂದು ಹೊಸ ಉದ್ಯೋಗ ಹತ್ತಿಕೊಂಡಿತು. ಗಡಿಯ ಕನ್ನಡ, ತುಳು ಮನೆಗಳಿಗೆ ಸರ್ಕಾರದ ಅರ್ಜಿಗಳು ಬರುವುದು ಬಹುಪಾಲು ಮಲಯಾಳದಲ್ಲಿ. ಪಿಂಚಣಿ, ಚಿಕಿತ್ಸೆಯ ನೆರವು, ಪಟ್ಟಿಯಲ್ಲಿ ಹೆಸರು ಸೇರಿಸುವ ಮನವಿ, ಎಲ್ಲವೂ. ಬಸ್ಸಿನ ಬೋರ್ಡುಗಳಿಂದ ಕಲಿತು ಏಲೂರಿನಲ್ಲಿ ಪಳಗಿದ ಮಲಯಾಳ ಅವರಲ್ಲಿದೆ. ವಾರಕ್ಕೆ ಎರಡು ದಿನ ಚೀಲ ಹಿಡಿದು ಹೋಗಿ ಅರ್ಜಿ ತುಂಬಿಸಿ ಕೊಡುತ್ತಾರೆ, ಆಫೀಸಿಗೆ ಜೊತೆಯಲ್ಲಿ ಹೋಗುತ್ತಾರೆ. “ಪ್ರಾಯಶ್ಚಿತ್ತವಾ ಮಾವ?” ಎಂದು ನಾನೊಮ್ಮೆ ಕೇಳಿದೆ. “ಎಂತ ಪ್ರಾಯಶ್ಚಿತ್ತ ಮಾರಾಯ. ಮೂವತ್ತೆರಡು ವರ್ಷ ಮಾಡಿದ್ದು ಎಲ್ಲಿಗೆ ಹೋಯಿತು ಅಂತ ಗೊತ್ತಿಲ್ಲ. ಇದು ಎಲ್ಲಿಗೆ ಹೋಗ್ತದೆ ಅಂತ ಗೊತ್ತುಂಟು. ಆ ಮನೆಯವರು ಬಾಗಿಲಿಗೇ ಬಂದು ಹೇಳ್ತಾರೆ” ಎಂದರು.

ಪುತ್ತೂರಿನಲ್ಲಿ ನಾನು ತೀರ್ಪು ಹೇಳಲಿಲ್ಲ. ಆಪ್ಷನ್ ಎಂಟ್ರಿಯ ಪುಟದಲ್ಲಿ ಕಾಲೇಜಿನ ಕೋಡಿಗೆ ಜಾಗವಿದೆ, ಬ್ರಾಂಚಿಗೆ ಜಾಗವಿದೆ, ಮಾವನ ಪ್ರಶ್ನೆಗೆ ಇಲ್ಲ. ರಾತ್ರಿ ಹುಡುಗಿ ನೋಟ್‌ಬುಕ್ಕಿನಲ್ಲಿ ತನ್ನ ಪಟ್ಟಿಯ ಪಕ್ಕ ಇನ್ನೊಂದು ಗೆರೆ ಎಳೆದು ‘ಯಾರಿಗೆ?’ ಎಂದು ಬರೆದುಕೊಂಡಿದ್ದಳು. ಹನ್ನೆರಡು ಸಾಲಿನಲ್ಲಿ ಮೂರಕ್ಕೆ ಏನೋ ತುಂಬಿಸಿದ್ದಳು. ಉಳಿದದ್ದು ಖಾಲಿ. ನನ್ನ ಕಾಲದಲ್ಲಿ ಆ ಗೆರೆಯೇ ಇರಲಿಲ್ಲ.